ಹನ್ನೊಂದನೇ ನಂಬರಿನವನ ಹ್ಯಾಮ್‌ಸ್ಟ್ರಿಂಗ್

ರಗ್ಬಿಯ ವಿಂಗರ್ ಎಂದರೆ ತಂಡದ ಅತಿ ವೇಗದ ಓಟಗಾರ ಎಂದು ಟಿವಿಯವರು ಹೇಳುತ್ತಾರೆ. ಸುಳ್ಳಲ್ಲ. ಆದರೆ ಫಿಸಿಯೋಥೆರಪಿಸ್ಟ್ ಆದ ನನ್ನ ಕಣ್ಣಿಗೆ ಬೀಳುವುದು ಬೇರೆ. 80 ನಿಮಿಷದ ಆಟದಲ್ಲಿ ಆತ ಕ್ರಮಿಸುವುದು ಆರೇಳು ಕಿಲೋಮೀಟರ್. ಅದರಲ್ಲಿ ಬಹುಪಾಲು ನಡಿಗೆ, ಉಳಿದದ್ದರಲ್ಲಿ ಹೆಚ್ಚಿನದು ನಿಧಾನದ ಓಟ. ಮೈದಾನದ ಅಂಚಿನಲ್ಲಿ ಸೊಂಟಕ್ಕೆ ಕೈ ಕೊಟ್ಟು ನಿಂತೇ ಎಷ್ಟೋ ಹೊತ್ತು ಹೋಗುತ್ತದೆ. ಆಮೇಲೆ ಒಮ್ಮೆಗೇ ಚೆಂಡು ಬರುತ್ತದೆ. ತಣ್ಣಗಾಗಿ ನಿಂತಿದ್ದ ಕಾಲು ನಾಲ್ಕೈದು ಸೆಕೆಂಡಿನಲ್ಲಿ ಗಂಟೆಗೆ 35 ಕಿಲೋಮೀಟರ್ ವೇಗ ಮುಟ್ಟಬೇಕು. ಮುಟ್ಟಿದರೆ ಐದು ಅಂಕ. ಇಲ್ಲದಿದ್ದರೆ ತೊಡೆಯ ಹಿಂಭಾಗ ಹಿಡಿದುಕೊಂಡು ಕುಂಟುತ್ತಾ ಹೊರಗೆ, ನನ್ನಂಥವನ ಟೇಬಲ್‌ಗೆ.

ನನ್ನ ಟೇಬಲ್ ಇರುವುದು ಮಂಗಳೂರಿನ ಕುದ್ರೋಳಿಯಲ್ಲಿ, ಗೋಕರ್ಣನಾಥ ದೇವಸ್ಥಾನದಿಂದ ಅಳಕೆ ಕಡೆಗೆ ನಡೆದು ಬರುವ ದಾರಿಯಲ್ಲಿ. ಇಲ್ಲಿ ಕ್ಯಾಲೆಂಡರ್ ನೋಡದೆಯೇ ತಿಂಗಳು ಹೇಳಬಹುದು. ದಸರಾ ಮುಗಿದ ವಾರ ಹುಲಿವೇಷದ ಹುಲಿಗಳು ಬರುತ್ತವೆ: ಅಕ್ಕಿಮುಡಿ ಎತ್ತಿ ಎಸೆದು ಸೊಂಟ ಹಿಡಿದುಕೊಂಡವರು, ಪಲ್ಟಿ ಹೊಡೆದು ಪಾದ ಉಳುಕಿಸಿಕೊಂಡವರು. ಬಣ್ಣ ಇನ್ನೂ ಕಿವಿಯ ಹಿಂದೆ ಉಳಿದಿರುತ್ತದೆ. ಚಳಿಗಾಲದಲ್ಲಿ ಕೆಸರುಗದ್ದೆಯಲ್ಲಿ ಕೋಣ ಓಡಿಸುವ ಕಂಬಳದ ಓಟಗಾರರು. ಮಳೆಗಾಲ ಬಿಟ್ಟರೆ ಉಳಿದ ದಿನವೆಲ್ಲ ಹೊನಲು ಬೆಳಕಿನ ಕಬಡ್ಡಿ ಪಂದ್ಯಾಟದ ಹುಡುಗರು. ನದಿಯಾಚೆಯ ಬೆಂಗ್ರೆಯಿಂದ ಫುಟ್‌ಬಾಲ್ ಆಡುವವರೂ ಬರುತ್ತಾರೆ. ರಗ್ಬಿ ಆಡುವವರು ಮಾತ್ರ ಒಬ್ಬರೂ ಇಲ್ಲ. ನನಗೆ ರಗ್ಬಿ ಹಿಡಿದದ್ದು ದುಬೈಯಲ್ಲಿ.

ಕುದ್ರೋಳಿಯ ಪ್ರತಿ ಎರಡನೇ ಮನೆಯಿಂದ ಒಬ್ಬರು ಗಲ್ಫಿಗೆ ಹೋದ ಹಾಗೆ ನಾನೂ ಹೋಗಿದ್ದೆ. ಅಲ್ಲಿ ವರ್ಷದ ಕೊನೆಗೆ ದುಬೈ ಸೆವೆನ್ಸ್ ಎಂಬ ರಗ್ಬಿ ಜಾತ್ರೆ ನಡೆಯುತ್ತದೆ. 1970ರಲ್ಲಿ ಶುರುವಾದದ್ದು, ಮೊದಮೊದಲು ಮರಳಿನ ಮೇಲೆ ಆಡುತ್ತಿದ್ದರಂತೆ. ಈಗ ಅಲ್ ಐನ್ ರಸ್ತೆಯಲ್ಲಿ ಅದಕ್ಕೆಂದೇ ಕಟ್ಟಿದ ಹುಲ್ಲಿನ ಮೈದಾನಗಳಿವೆ. ದೇಶಗಳ ತಂಡಗಳು ನಡುವಿನ ಸ್ಟೇಡಿಯಂನಲ್ಲಿ, ಸುತ್ತಲಿನ ಮೈದಾನಗಳಲ್ಲಿ ಶಾಲೆ, ಕ್ಲಬ್ಬು, ಹೊಟ್ಟೆ ಬಂದ ಹಳೆಯ ಆಟಗಾರರ ತಂಡಗಳು. ನಾನು ಸೇರಿಕೊಂಡದ್ದು ಆ ಸುತ್ತಲಿನ ಟೆಂಟುಗಳಲ್ಲಿ ಟೇಪ್ ಸುತ್ತುವ ಕೆಲಸಕ್ಕೆ. ಸೆವೆನ್ಸ್ ಎಂದರೆ ಏಳು ಜನರ ಆಟ, ಏಳು ನಿಮಿಷಕ್ಕೊಂದು ಅವಧಿ, ಎರಡೇ ಅವಧಿ. ಕೇಳಲು ಪುಟ್ಟ ಆಟ. ಆದರೆ ಒಂದೇ ದಿನದಲ್ಲಿ ಎರಡು ಮೂರು ಪಂದ್ಯ, ನಡುವೆ ಗಂಟೆಗಟ್ಟಲೆ ವಿರಾಮ. ರಗ್ಬಿ ಯೂನಿಯನ್‌ನ ಮೂಲ ರೂಪ ಹದಿನೈದು ಜನರ ಆಟ. ಅಲ್ಲಿನ ವಿಂಗರ್ 80 ನಿಮಿಷದಲ್ಲಿ ಪಡುವ ಪಾಡನ್ನು ಸೆವೆನ್ಸ್‌ನಲ್ಲಿ ಎಲ್ಲರೂ ದಿನವಿಡೀ ಪಡುತ್ತಾರೆ. ಕಾಯುವುದು, ತಣ್ಣಗಾಗುವುದು, ಮತ್ತೆ ಪೂರ್ತಿ ವೇಗ. ಮಧ್ಯಾಹ್ನದ ಮೇಲೆ ಟೆಂಟಿನ ಮುಂದೆ ಸಾಲು, ಎಲ್ಲರದ್ದೂ ಹ್ಯಾಮ್‌ಸ್ಟ್ರಿಂಗ್.

ಆಟ ತಿಳಿಯದವರಿಗೆ ಇಷ್ಟು ಹೇಳಿದರೆ ಸಾಕು. ಚೆಂಡನ್ನು ಕೈಯಿಂದ ಹಿಂದಕ್ಕೆ ಅಥವಾ ಪಕ್ಕಕ್ಕೆ ಮಾತ್ರ ಕೊಡಬಹುದು, ಮುಂದಕ್ಕೆ ಎಸೆಯುವಂತಿಲ್ಲ. ಮುಂದೆ ಹೋಗಬೇಕಾದರೆ ಹೊತ್ತುಕೊಂಡು ಓಡಬೇಕು, ಇಲ್ಲವೇ ಒದೆಯಬೇಕು. ಎದುರಾಳಿಯ ಗೆರೆ ದಾಟಿ ಚೆಂಡನ್ನು ನೆಲಕ್ಕೆ ಮುಟ್ಟಿಸಿದರೆ ಅದು ಟ್ರೈ, ಐದು ಅಂಕ. 1ರಿಂದ 8ನೇ ನಂಬರಿನವರು ನಡುವೆ ಗುದ್ದಾಡಿ ಚೆಂಡು ಗೆಲ್ಲುವ ಭಾರದ ಆಳುಗಳು. 9ರಿಂದ 15 ಹಿಂದಿನ ಸಾಲು. ಅದರಲ್ಲಿ 11 ಎಡ ಅಂಚಿನ ವಿಂಗರ್, 14 ಬಲ ಅಂಚಿನವ. ಮೈದಾನ 70 ಮೀಟರ್ ಅಗಲ. ಚೆಂಡು ಕೈಯಿಂದ ಕೈಗೆ ದಾಟಿ ಅಂಚಿಗೆ ಬರುವಷ್ಟರಲ್ಲಿ ಎದುರಾಳಿಗಳು ನಡುವೆ ಸೇರಿಬಿಟ್ಟಿದ್ದರೆ ಗೆರೆಯ ಪಕ್ಕ ಐದಾರು ಅಡಿಯ ದಾರಿ ತೆರೆದಿರುತ್ತದೆ. ವಿಂಗರ್‌ನ ಇಡೀ ಬದುಕು ಆ ಐದಾರು ಅಡಿ.

ಟಿವಿಯಲ್ಲಿ ಕಾಣದ ಇನ್ನರ್ಧ ಕೆಲಸ ಉಂಟು. ಎದುರಾಳಿ ಆಕಾಶಕ್ಕೆ ಒದ್ದ ಚೆಂಡನ್ನು ಮೇಲಕ್ಕೆ ನೆಗೆದು ಹಿಡಿಯುವುದು, ಕೆಳಗೆ ಬರುವಾಗ ಯಾರ ಭುಜ ಎಲ್ಲಿಗೆ ಬಡಿಯುತ್ತದೆ ಎಂದು ಗೊತ್ತಿಲ್ಲದಿದ್ದರೂ. ತಮ್ಮ ತಂಡ ಒದ್ದ ಚೆಂಡಿನ ಹಿಂದೆ ಸುಮ್ಮನೆ ಓಡುವುದು, ಹತ್ತರಲ್ಲಿ ಒಂಬತ್ತು ಸಲ ಏನೂ ಸಿಗದೆ ಹಿಂದಿರುಗುವುದು. ತನಗಿಂತ ಮೂವತ್ತು ಕಿಲೋ ಭಾರದವನು ಎದುರಿಗೆ ಬಂದಾಗ ಬಗ್ಗಿ ಅವನ ಕಾಲು ಹಿಡಿಯುವುದು. ವೇಗ ಇದ್ದು ಇದ್ಯಾವುದೂ ಬಾರದವನು ಒಂದು ಸೀಸನ್ ಆಡುತ್ತಾನೆ, ಎರಡನೆಯದರಲ್ಲಿ ಬೆಂಚಿನಲ್ಲಿರುತ್ತಾನೆ.

ಹ್ಯಾಮ್‌ಸ್ಟ್ರಿಂಗ್ ಎಂದರೆ ಒಂದು ಸ್ನಾಯುವಲ್ಲ, ಮೂರು. ನಾವು ಕುಳಿತಾಗ ನೆಲಕ್ಕೆ ತಾಗುವ ಮೂಳೆಯಿಂದ ಹೊರಟು ಮೊಣಕಾಲಿನ ಕೆಳಗೆ ಬಂದು ಸೇರುತ್ತವೆ. ಜೋರು ಓಟದಲ್ಲಿ ಹರಿಯುವುದು ಹೆಚ್ಚಾಗಿ ಹೊರಬದಿಯ ಬೈಸೆಪ್ಸ್ ಫೀಮೋರಿಸ್. ಜನ ತಿಳಿದಂತೆ ನೆಲವನ್ನು ಒದೆಯುವಾಗ ಅದು ಹರಿಯುವುದಲ್ಲ. ಕಾಲು ಮುಂದಕ್ಕೆ ಬೀಸಿ, ಹೆಜ್ಜೆ ಇನ್ನೇನು ನೆಲ ಮುಟ್ಟಬೇಕು ಎನ್ನುವ ಕ್ಷಣದಲ್ಲಿ ಆ ಸ್ನಾಯು ಉದ್ದಕ್ಕೆ ಎಳೆಯಲ್ಪಡುತ್ತಾ ಇರುತ್ತದೆ, ಅದೇ ಹೊತ್ತಿಗೆ ಕಾಲನ್ನು ತಡೆದು ಹಿಡಿಯುವ ಕೆಲಸವನ್ನೂ ಮಾಡುತ್ತಿರುತ್ತದೆ. ವೇಗ ಹೆಚ್ಚಿದಷ್ಟೂ ತಡೆಯುವ ಭಾರ ಹೆಚ್ಚು. ಅಂದರೆ ಅತಿ ವೇಗದವನಿಗೇ ಅತಿ ಅಪಾಯ. ಒಮ್ಮೆ ಹರಿದರೆ ಮತ್ತೊಮ್ಮೆ ಹರಿಯುವ ಸಂಭವ ದೊಡ್ಡದು, ಅದರಲ್ಲೂ ಮೈದಾನಕ್ಕೆ ಮರಳಿದ ಮೊದಲ ಕೆಲವು ವಾರಗಳಲ್ಲಿ.

ಇದಕ್ಕೆ ಮದ್ದು ಎಣ್ಣೆ ತಿಕ್ಕುವುದಲ್ಲ. ಮಂಡಿಯೂರಿ ಕೂತು, ಹಿಮ್ಮಡಿಯನ್ನು ಯಾರಾದರೂ ಒತ್ತಿ ಹಿಡಿದಿರುವಾಗ, ಮೈಯನ್ನು ನೆಟ್ಟಗೆ ಇಟ್ಟುಕೊಂಡೇ ನಿಧಾನವಾಗಿ ಮುಂದಕ್ಕೆ ಬೀಳುವ ನಾರ್ಡಿಕ್ ಎಂಬ ವ್ಯಾಯಾಮ ಉಂಟು. ಅದನ್ನು ತಪ್ಪದೆ ಮಾಡಿಸಿದ ತಂಡಗಳಲ್ಲಿ ಈ ಗಾಯ ಸುಮಾರು ಅರ್ಧಕ್ಕೆ ಇಳಿದದ್ದನ್ನು ಫುಟ್‌ಬಾಲ್ ಆಟಗಾರರ ಮೇಲಿನ ಅಧ್ಯಯನಗಳು ತೋರಿಸಿವೆ. ಎರಡನೆಯದು, ಅಭ್ಯಾಸದಲ್ಲಿ ವಾರಕ್ಕೆ ಒಂದೆರಡು ಸಲವಾದರೂ ಪೂರ್ತಿ ವೇಗದ ಹತ್ತಿರ ಓಡಬೇಕು. ವಾರವಿಡೀ ಅರ್ಧ ವೇಗದಲ್ಲಿ ಓಡಿ ಆಟದ ದಿನ ಮಾತ್ರ ಪೂರ್ತಿ ವೇಗ ಕೇಳಿದರೆ ಕಾಲು ಒಪ್ಪುವುದಿಲ್ಲ. ಇದನ್ನು ಕಬಡ್ಡಿ ಹುಡುಗರಿಗೆ ಹೇಳಿದರೆ ಕೇಳುತ್ತಾರೆ. ಅವರ ಅಮ್ಮಂದಿರು ಕೇಳುವುದಿಲ್ಲ. “ಡಾಕ್ಟ್ರೇ, ನೋವಿರುವಾಗ ಓಡಲಿಕ್ಕೆ ಹೇಳ್ತೀರಲ್ಲ, ಒಂದು ಎಣ್ಣೆ ಕೊಡಿ” ಎನ್ನುತ್ತಾರೆ. ನಾನು ಡಾಕ್ಟರಲ್ಲ ಅಮ್ಮ ಎಂದರೂ ಬಿಡುವುದಿಲ್ಲ.

ಅತಿ ವೇಗದ ಕಾಲು ನಮ್ಮಲ್ಲೂ ಉಂಟು. 2020ರ ಫೆಬ್ರವರಿಯಲ್ಲಿ ಐಕಳ ಕಂಬಳದಲ್ಲಿ ಮಿಜಾರು ಅಶ್ವತ್ಥಪುರದ ಶ್ರೀನಿವಾಸ ಗೌಡರು ಕೋಣಗಳ ಹಿಂದೆ 142.5 ಮೀಟರ್ ಕರೆಯನ್ನು, ಅಂದರೆ ಕೆಸರಿನ ಓಟದ ಹಾದಿಯನ್ನು, 13.62 ಸೆಕೆಂಡಿನಲ್ಲಿ ಮುಗಿಸಿದರು. ಲೆಕ್ಕ ಹಾಕುವವರು ಅದನ್ನು 100 ಮೀಟರಿಗೆ 9.55 ಸೆಕೆಂಡ್ ಎಂದು ಇಳಿಸಿದರು. ಉಸೇನ್ ಬೋಲ್ಟ್‌ನ ದಾಖಲೆ 9.58. ದೇಶವೇ ಎದ್ದು ಕೂತಿತು, ಕೇಂದ್ರದ ಕ್ರೀಡಾ ಸಚಿವರು ಟ್ರಯಲ್ಸ್‌ಗೆ ಕರೆದರು. ಗೌಡರು ಹೋಗಲಿಲ್ಲ. ಒಳ್ಳೆಯದಾಯಿತು ಎಂದೇ ನನಗೆ ಅನ್ನಿಸಿತ್ತು, ಈಗಲೂ ಅನ್ನಿಸುತ್ತದೆ. ಕೋಣ ಎಳೆಯುವಾಗ ಓಟಗಾರನ ಕಾಲು ತಾನಾಗಿಯೇ ಎಂದೂ ಮುಟ್ಟದ ವೇಗಕ್ಕೆ ಹೋಗುತ್ತದೆ. ವಿದೇಶದ ಓಟದ ಕೋಚ್‌ಗಳು ಸೊಂಟಕ್ಕೆ ಹಗ್ಗ ಕಟ್ಟಿ ಎಳೆದು ಮಾಡಿಸುವ ತರಬೇತಿ ಅದುವೇ. ಕೆಸರಿನಲ್ಲಿ, ಬರಿಗಾಲಲ್ಲಿ, ಎಳೆತಕ್ಕೆ ಸಿಕ್ಕ ಕಾಲನ್ನು ಹೆಜ್ಜೆ ಹೆಜ್ಜೆಗೂ ತಡೆದು ಹಿಡಿಯುವ ಹ್ಯಾಮ್‌ಸ್ಟ್ರಿಂಗ್ ಅವರದ್ದು. ಅದನ್ನು ಸಿಂಥೆಟಿಕ್ ಟ್ರ್ಯಾಕಿನ ಗಡಿಯಾರಕ್ಕೆ ಹೋಲಿಸುವುದೇ ಅನ್ಯಾಯ. ಆದರೆ ಆ ದಿನಗಳಲ್ಲಿ ಒಬ್ಬರೂ ಕೇಳದ ಪ್ರಶ್ನೆ ಒಂದಿತ್ತು: ಅಂಥ ಕಾಲು ಬೇಕಾಗಿರುವ ಆಟ ಜಗತ್ತಿನಲ್ಲಿ ಬೇರೆ ಯಾವುದು? ದಕ್ಷಿಣ ಆಫ್ರಿಕಾದ ವಿಂಗರ್ ಬ್ರಯಾನ್ ಹಬಾನಾ 2007ರಲ್ಲಿ ಪ್ರಚಾರಕ್ಕಾಗಿ ಚೀತಾದ ಜೊತೆಗೇ ಓಡಿದ್ದ. ಚೀತಾ ಗೆದ್ದಿತು. ಪ್ರಾಣಿಯ ಜೊತೆ ಮನುಷ್ಯನನ್ನು ಓಡಿಸಿ ನೋಡುವ ಚಪಲ ನಮ್ಮದು ಮಾತ್ರವಲ್ಲ.

ವಿಂಗರ್ ಎಂಬ ಕೆಲಸಕ್ಕೆ ಬೆಲೆ ಕಟ್ಟಿದವನು ಜೋನಾ ಲೋಮು. 1975ರಲ್ಲಿ ಆಕ್ಲೆಂಡ್‌ನಲ್ಲಿ ಟೊಂಗಾ ಮೂಲದ ಮನೆಯಲ್ಲಿ ಹುಟ್ಟಿದವ. 1.96 ಮೀಟರ್ ಎತ್ತರ, 120 ಕಿಲೋದ ಹತ್ತಿರ ತೂಕ, ಆದರೂ 100 ಮೀಟರನ್ನು 11 ಸೆಕೆಂಡಿನ ಒಳಗೆ ಓಡುತ್ತಿದ್ದ. ಶಾಲೆಯಲ್ಲಿ ಆಡಿದ್ದು ಭಾರದ ಆಳುಗಳ ಸಾಲಿನಲ್ಲಿ. 1994ರಲ್ಲಿ, 19ನೇ ವಯಸ್ಸಿಗೆ, ನ್ಯೂಜಿಲೆಂಡ್ ತಂಡಕ್ಕೆ ಬಂದಾಗ ಅಂಚಿಗೆ ನಿಲ್ಲಿಸಿದರು. 1995ರ ಜೂನ್ 18, ಕೇಪ್‌ಟೌನ್, ವಿಶ್ವಕಪ್ ಸೆಮಿಫೈನಲ್. ಇಂಗ್ಲೆಂಡಿನ ಮೇಲೆ ನಾಲ್ಕು ಟ್ರೈ. ಮೊದಲನೆಯದರಲ್ಲಿ ಎದುರಿಗೆ ನಿಂತ ಮೈಕ್ ಕ್ಯಾಟ್‌ನನ್ನು ಬಳಸಿ ಹೋಗಲಿಲ್ಲ, ಮೇಲೆ ಹತ್ತಿ ಹೋದ. ನ್ಯೂಜಿಲೆಂಡ್ 45, ಇಂಗ್ಲೆಂಡ್ 29.

ಆ ದಿನ ಇಂಗ್ಲೆಂಡಿನ ಎರಡು ಅಂಚುಗಳಲ್ಲಿ ನಿಂತವರು ಅಣ್ಣತಮ್ಮಂದಿರು, ರೋರಿ ಮತ್ತು ಟೋನಿ ಅಂಡರ್‌ವುಡ್. ಲೋಮುವನ್ನು ತಡೆಯುವ ಪಾಳಿ ತಮ್ಮನದ್ದು. ಅಣ್ಣ ರೋರಿ ಇಂಗ್ಲೆಂಡಿಗೆ 85 ಪಂದ್ಯಗಳಲ್ಲಿ 49 ಟ್ರೈ ಹೊಡೆದವನು, ವೃತ್ತಿಯಿಂದ ಬ್ರಿಟಿಷ್ ವಾಯುಪಡೆಯ ಪೈಲಟ್. ರಗ್ಬಿ ಯೂನಿಯನ್‌ನಲ್ಲಿ ಆಡಿದ್ದಕ್ಕೆ ಹಣ ಪಡೆಯುವುದು ಆಗ ನಿಷಿದ್ಧ. ವಾರದ ದಿನ ವಿಮಾನ, ಶನಿವಾರ ಆಟ. ಆ ಸೆಮಿಫೈನಲ್ ನಡೆದ ಎರಡು ತಿಂಗಳಲ್ಲಿ, ಆಗಸ್ಟ್‌ನಲ್ಲಿ, ಪ್ಯಾರಿಸ್‌ನಲ್ಲಿ ಸೇರಿದ ಅಂತಾರಾಷ್ಟ್ರೀಯ ಮಂಡಳಿ ನೂರು ವರ್ಷ ಹಿಡಿದುಕೊಂಡಿದ್ದ ನಿಷೇಧ ಬಿಟ್ಟಿತು. ಲೋಮುವಿನಿಂದಲೇ ಎಂದು ಹೇಳಲಾಗದು. ಅಷ್ಟರಲ್ಲಾಗಲೇ ರೂಪರ್ಟ್ ಮುರ್ಡೋಕ್‌ನ ಕಂಪನಿ ದಕ್ಷಿಣಾರ್ಧಗೋಳದ ಮೂರು ದೇಶಗಳೊಡನೆ ಹತ್ತು ವರ್ಷಕ್ಕೆ 55 ಕೋಟಿ ಡಾಲರಿನ ಟಿವಿ ಒಪ್ಪಂದ ಮಾಡಿಕೊಂಡಿತ್ತು. ಆದರೆ ಟಿವಿಗೆ ಬೇಕಾದದ್ದು ಏನೆಂದು ಆ ನಾಲ್ಕು ಟ್ರೈ ತೋರಿಸಿಬಿಟ್ಟಿದ್ದವು.

ಲೋಮುವನ್ನು ತಡೆಯಲಾಗುತ್ತಿರಲಿಲ್ಲ ಎನ್ನುವುದು ಕಥೆ. ಆದರೆ ಅದೇ ವಿಶ್ವಕಪ್ ಫೈನಲ್‌ನಲ್ಲಿ ದಕ್ಷಿಣ ಆಫ್ರಿಕಾ ತಡೆಯಿತು, 15–12ರಿಂದ ಗೆದ್ದಿತು. ಇಡೀ ವೃತ್ತಿಯಲ್ಲಿ ಆ ದೇಶದ ಮೇಲೆ ಲೋಮು ಒಂದೂ ಟ್ರೈ ಹೊಡೆಯಲಿಲ್ಲ. ನನಗೆ ಇದು ಆ ನಾಲ್ಕು ಟ್ರೈಗಳಿಗಿಂತ ದೊಡ್ಡ ಸಂಗತಿ. ವಿಂಗರ್‌ಗೆ ಒಳಗಿನವರು ಚೆಂಡು ತಲುಪಿಸಬೇಕು, ಹೊತ್ತಿಗೆ ಸರಿಯಾಗಿ ತಲುಪಿಸಬೇಕು. ತಲುಪುವ ಮೊದಲೇ ಇಬ್ಬರು ಮೂವರು ಬಂದು ನಿಂತರೆ 120 ಕಿಲೋದವನೂ ಒಬ್ಬ ಮನುಷ್ಯನೇ.

ಲೋಮುವಿನ ಹ್ಯಾಮ್‌ಸ್ಟ್ರಿಂಗ್ ಗಟ್ಟಿ ಇತ್ತು; ಕೈಕೊಟ್ಟದ್ದು ಮೂತ್ರಪಿಂಡ. ಆ ವಿಶ್ವಕಪ್ಪಿನ ವರ್ಷ ಕಳೆಯುವಷ್ಟರಲ್ಲಿ ನೆಫ್ರೋಟಿಕ್ ಸಿಂಡ್ರೋಮ್ ಎಂದು ಗೊತ್ತಾಯಿತು. ಅದನ್ನು ಹೊತ್ತುಕೊಂಡೇ 1999ರ ವಿಶ್ವಕಪ್‌ನಲ್ಲಿ ಎಂಟು ಟ್ರೈ ಹೊಡೆದ. ದೇಶಕ್ಕಾಗಿ ಕೊನೆಯ ಪಂದ್ಯ 2002ರಲ್ಲಿ, 27ರ ಪ್ರಾಯದಲ್ಲಿ. ಮರುವರ್ಷ ಡಯಾಲಿಸಿಸ್, 2004ರಲ್ಲಿ ಕಸಿ. 2015ರ ನವೆಂಬರ್‌ನಲ್ಲಿ ಇಂಗ್ಲೆಂಡಿನಿಂದ ದುಬೈ ಮಾರ್ಗವಾಗಿ ಊರಿಗೆ ಮರಳಿದ ಬೆನ್ನಿಗೇ ತೀರಿಕೊಂಡ, 40 ವರ್ಷ. ದುಬೈಯ ನಮ್ಮ ರಗ್ಬಿ ಗೆಳೆಯರು ಆ ದಿನ ಕಳಿಸಿದ ಮೆಸೇಜುಗಳಲ್ಲಿ ಅಂಕಿಅಂಶ ಇರಲಿಲ್ಲ.

ಲೋಮುವನ್ನು ನೋಡಿದ ಮೇಲೆ ಎಲ್ಲರೂ ದೈತ್ಯರನ್ನೇ ಹುಡುಕಿದರು. ಆ ಗದ್ದಲದ ನಡುವೆ ವೇಲ್ಸ್‌ನ ಶೇನ್ ವಿಲಿಯಮ್ಸ್ ಬಂದ: 1.70 ಮೀಟರ್, 80 ಕಿಲೋ. ಕುದ್ರೋಳಿಯಲ್ಲಿ ನಿಲ್ಲಿಸಿದರೆ ಗುಂಪಿನಲ್ಲಿ ಕಳೆದುಹೋಗುವ ಆಳು. ಈ ಮೈಗೆ ರಗ್ಬಿ ಆಗದು ಎಂಬ ಮಾತು ಅವನ ಬೆನ್ನಿಗೇ ಇತ್ತು. ಅವನ ಬಂಡವಾಳ ನೇರ ವೇಗಕ್ಕಿಂತ ದಿಕ್ಕು ಬದಲಿಸುವ ಪಾದ. ವೇಲ್ಸ್‌ಗೆ 87 ಪಂದ್ಯಗಳಲ್ಲಿ 58 ಟ್ರೈ, 2008ರಲ್ಲಿ ವಿಶ್ವದ ವರ್ಷದ ಆಟಗಾರ. 2011ರ ಡಿಸೆಂಬರ್‌ನಲ್ಲಿ ಕಾರ್ಡಿಫ್‌ನಲ್ಲಿ ವೇಲ್ಸ್ ಅಂಗಿಯಲ್ಲಿ ಕೊನೆಯ ಸಲ ಚೆಂಡು ಮುಟ್ಟಿದ್ದೂ ಟ್ರೈಗಾಗಿಯೇ, 34ನೇ ವಯಸ್ಸಿನಲ್ಲಿ. ಹಬಾನಾ 124 ಪಂದ್ಯಗಳಲ್ಲಿ 67 ಟ್ರೈ ಹೊಡೆದು 2018ರಲ್ಲಿ ನಿಲ್ಲಿಸಿದಾಗಲೂ 34. ಇವರಿಬ್ಬರಿಗಿಂತ ಹೆಚ್ಚು, 69 ಟ್ರೈ ಹೊಡೆದ ಜಪಾನಿನ ದೈಸುಕೆ ಓಹಾಟನಿಗೆ 2007ರಲ್ಲಿ ಹಿಮ್ಮಡಿಯ ಅಕಿಲಿಸ್ ಸ್ನಾಯುರಜ್ಜು ಕಿತ್ತು ಹೋಗಿ ವಿಶ್ವಕಪ್ಪೇ ತಪ್ಪಿತು. ವಿಂಗರ್ 34 ಮುಟ್ಟಿದ ಎಂದರೆ ದೀರ್ಘಾಯುಷಿ. 28–29ರ ಹೊತ್ತಿಗೆ ಮೊದಲ ಹತ್ತು ಮೀಟರಿನ ಚುರುಕು ಕಡಿಮೆಯಾಗತೊಡಗುತ್ತದೆ, ಗಡಿಯಾರದಲ್ಲಿ ಕೂದಲೆಳೆಯಷ್ಟು. ಮೈದಾನದಲ್ಲಿ ಅದು ಎದುರಾಳಿಯ ಒಂದು ಕೈಯ ಉದ್ದ.

ಹಣದ ಮಾತು ಬೇಗ ಮುಗಿಸುತ್ತೇನೆ. ಫ್ರಾನ್ಸ್, ಇಂಗ್ಲೆಂಡ್, ಜಪಾನ್ ಕ್ಲಬ್ಬುಗಳಲ್ಲಿ ಒಳ್ಳೆಯ ಸಂಬಳ ಉಂಟು, ಭದ್ರತೆ ಇಲ್ಲ. ಇಂಗ್ಲೆಂಡಿನಲ್ಲಿ 2022ರಲ್ಲಿ ವೂಸ್ಟರ್ ಮತ್ತು ವಾಸ್ಪ್ಸ್, 2023ರಲ್ಲಿ ಲಂಡನ್ ಐರಿಷ್, ಹೀಗೆ ಮೂರು ದೊಡ್ಡ ಕ್ಲಬ್ಬುಗಳು ಸಾಲದಲ್ಲಿ ಮುಳುಗಿದವು. ಆಟಗಾರರು ರಾತ್ರಿ ಬೆಳಗಾಗುವುದರಲ್ಲಿ ನಿರುದ್ಯೋಗಿಗಳು. ವೇಲ್ಸ್‌ನ ವಿಂಗರ್ ಲೂಯಿ ರೀಸ್-ಜಾಮಿಟ್ 2024ರ ಜನವರಿಯಲ್ಲಿ, ಇನ್ನೂ 22ರಲ್ಲೇ, ರಗ್ಬಿ ಬಿಟ್ಟು ಅಮೆರಿಕದ ಫುಟ್‌ಬಾಲ್‌ಗೆ ಹೋದ. ಅಲ್ಲಿ ಲೀಗ್ ಪಂದ್ಯದ ಮೈದಾನಕ್ಕೆ ಇಳಿಯುವ ಭಾಗ್ಯ ಬರಲಿಲ್ಲ, 2025ರಲ್ಲಿ ವಾಪಸು ಬಂದ. ಬೈಯುವವರು ಬೈದರು. ಕಾಲಿಗೆ ಹತ್ತು ವರ್ಷದ ಆಯುಷ್ಯ ಎಂದು ತಿಳಿದವನು ಮತ್ತೇನು ಮಾಡಬೇಕಿತ್ತು?

ಬರಿಯ ವೇಗ ಎಲ್ಲಿಯವರೆಗೆ ಒಯ್ಯುತ್ತದೆ ಎಂದು ನೋಡಲು ಸೆವೆನ್ಸ್ ಒಳ್ಳೆಯ ಜಾಗ. ಅಮೆರಿಕದ ಕಾರ್ಲಿನ್ ಐಲ್ಸ್ 100 ಮೀಟರನ್ನು 10.13 ಸೆಕೆಂಡಿನಲ್ಲಿ ಓಡುತ್ತಿದ್ದವ. 2012ರಲ್ಲಿ ವಿಡಿಯೊ ನೋಡಿ ರಗ್ಬಿಗೆ ಬಂದ. ತೆರೆದ ಜಾಗ ಸಿಕ್ಕಿದರೆ ಅವನನ್ನು ಹಿಡಿದವರಿಲ್ಲ. ಆದರೆ ಸೆವೆನ್ಸ್ ವಿಶ್ವ ಸರಣಿಯಲ್ಲಿ 358 ಟ್ರೈಗಳ ರಾಶಿ ಹಾಕಿದವನು ಇಂಗ್ಲೆಂಡಿನ ಡ್ಯಾನ್ ನಾರ್ಟನ್. ಅವನೂ ವೇಗಿಯೇ, ಆದರೆ ಆಟದೊಳಗೇ ಬೆಳೆದ ವೇಗಿ. ಚೆಂಡು ತನ್ನ ಕಡೆ ಬರುವ ಮೊದಲೇ ಜಾಗ ಎಲ್ಲಿ ತೆರೆಯುತ್ತದೆ ಎಂದು ಗೊತ್ತಿರುವವನು ಪೂರ್ತಿ ವೇಗವನ್ನು ಬೇಕಾದಾಗ ಮಾತ್ರ ಖರ್ಚು ಮಾಡುತ್ತಾನೆ. ಅಂಥವನ ಹ್ಯಾಮ್‌ಸ್ಟ್ರಿಂಗ್ ಉಳಿಯುತ್ತದೆ. ನಾನು ಕಂಡಂತೆ ದೀರ್ಘ ಬಾಳಿದ ವಿಂಗರ್‌ಗಳೆಲ್ಲ ಹೀಗೆ ಜಿಪುಣರು.

ನಮ್ಮ ದೇಶಕ್ಕೆ ರಗ್ಬಿ ಹೊಸತಲ್ಲ. 1872ರ ಕ್ರಿಸ್ಮಸ್ ದಿನ ಕಲ್ಕತ್ತೆಯಲ್ಲಿ ಬ್ರಿಟಿಷರು ಆಡಿದರು. ಅಲ್ಲಿನ ಅವರ ರಗ್ಬಿ ಕ್ಲಬ್ಬು ಮುಚ್ಚುವಾಗ ಬ್ಯಾಂಕಿನಲ್ಲಿ ಉಳಿದಿದ್ದ ಬೆಳ್ಳಿ ರೂಪಾಯಿ ಕರಗಿಸಿ ಮಾಡಿಸಿದ ಕಲ್ಕತ್ತಾ ಕಪ್‌ಗಾಗಿ ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡ್ 1879ರಿಂದ ಇಂದಿಗೂ ಹೊಡೆದಾಡುತ್ತವೆ. ಬೆಂಗಳೂರಿನಲ್ಲಿ ಹುಟ್ಟಿದ ನಟ ರಾಹುಲ್ ಬೋಸ್ 1998ರಲ್ಲಿ ಭಾರತ ಮೊದಲ ಬಾರಿ ಅಂತಾರಾಷ್ಟ್ರೀಯ ಕಣಕ್ಕಿಳಿದ ತಂಡದಲ್ಲಿದ್ದರು. ಆಡುತ್ತಿದ್ದ ಜಾಗಗಳಲ್ಲಿ ಬಲ ಅಂಚೂ ಒಂದು. ಈಗ ರಾಷ್ಟ್ರೀಯ ರಗ್ಬಿ ಸಂಸ್ಥೆಯ ಅಧ್ಯಕ್ಷರು. ನನಗೆ ಇಷ್ಟದ ಹೆಸರು ಮಾತ್ರ ಬಿಹಾರದ ಬಾಢ್ ಕಡೆಯ ಸ್ವೀಟಿ ಕುಮಾರಿ. ಓಟದ ಟ್ರ್ಯಾಕಿನಿಂದ ರಗ್ಬಿಗೆ ಬಂದು ವಿಂಗರ್ ಆದ ಹುಡುಗಿ. ಭಾರತದ ಮಹಿಳೆಯರು ಹದಿನೈದು ಜನರ ರಗ್ಬಿಯಲ್ಲಿ ಮೊತ್ತಮೊದಲ ಗೆಲುವು ಕಂಡದ್ದು 2019ರ ಜೂನ್‌ನಲ್ಲಿ, ಮನಿಲಾದಲ್ಲಿ, ಸಿಂಗಪುರದ ಮೇಲೆ 21–19ರಿಂದ. ಅದೇ ವರ್ಷ ಸ್ಕ್ರಮ್‌ಕ್ವೀನ್ಸ್ ಎಂಬ ಮಹಿಳಾ ರಗ್ಬಿಯ ಸುದ್ದಿತಾಣ ಸ್ವೀಟಿಯನ್ನು ಜಗತ್ತಿನ ಅತ್ಯುತ್ತಮ ಎಳೆಯ ಆಟಗಾರ್ತಿ ಎಂದು ಆರಿಸಿತು.

2025ರ ಜೂನ್‌ನಲ್ಲಿ ಮುಂಬಯಿಯ ಅಂಧೇರಿಯಲ್ಲಿ ರಗ್ಬಿ ಪ್ರೀಮಿಯರ್ ಲೀಗ್ ನಡೆಯಿತು. ಆರು ತಂಡ, ಸೆವೆನ್ಸ್ ಆಟ, ವಿದೇಶದ ಒಲಿಂಪಿಕ್ ಆಟಗಾರರ ಪಕ್ಕದಲ್ಲಿ ನಮ್ಮವರು. ಬೆಂಗಳೂರು ಬ್ರೇವ್‌ಹಾರ್ಟ್ಸ್ ಎಂಬ ತಂಡವೂ ಇತ್ತು. ಗೆದ್ದದ್ದು ಚೆನ್ನೈ. ಅದನ್ನು ಕ್ಲಿನಿಕ್ಕಿನ ಟಿವಿಯಲ್ಲಿ ಹಾಕಿದ್ದಾಗ ತೊಡೆಗೆ ಐಸ್ ಇಟ್ಟುಕೊಂಡು ಮಲಗಿದ್ದ ಕಬಡ್ಡಿಯ ಹುಡುಗ ಎದ್ದು ಕೂತ.

“ಇದರಲ್ಲಿ ಎಂತ ಸರ್, ಹಿಡಿಯುವುದು ನಮ್ಮ ಹಾಗೆಯೇ ಉಂಟಲ್ಲ?”

“ಹಿಡಿಯುವುದು ನಿಮ್ಮ ಹಾಗೆಯೇ. ಹೆಗಲ ಮೇಲೆ ಹಿಡಿದರೆ ಮಾತ್ರ ಪೆನಾಲ್ಟಿ.”

“ದುಡ್ಡು ಉಂಟಾ?”

ಅಲ್ಲಿಗೆ ನನ್ನ ಮಾತು ನಿಂತಿತು. ಲೀಗ್ ನಡೆದದ್ದು ಎರಡು ವಾರ. ಕಬಡ್ಡಿಯಲ್ಲಾದರೆ 2014ರಿಂದ ಪ್ರೊ ಕಬಡ್ಡಿ ಉಂಟು, ರೈಲ್ವೆ, ಬ್ಯಾಂಕು, ಪೊಲೀಸು ಎಂದು ಕ್ರೀಡಾ ಕೋಟಾದ ಕೆಲಸ ಉಂಟು. ಕಾರ್ಕಳ ತಾಲೂಕಿನ ಹೆರ್ಮುಂಡೆಯ ಮಮತಾ ಪೂಜಾರಿ ಆ ದಾರಿಯಲ್ಲೇ ಭಾರತದ ನಾಯಕಿಯಾಗಿ ಅರ್ಜುನ ಪ್ರಶಸ್ತಿವರೆಗೆ ಹೋದವರು. ವಿಂಗರ್ ಆಗುತ್ತೇನೆ ಎಂದು ಹೊರಡುವ ಕರಾವಳಿಯ ಹುಡುಗನಿಗೆ ಇವತ್ತಿಗೆ ಅಂಥ ದಾರಿ ಇಲ್ಲ. ಇಲ್ಲ ಎನ್ನುವುದನ್ನು ಅವನ ಮನೆಯವರಿಗೆ ಹೇಳದೆ ಕಳಿಸುವುದು ಸರಿಯಲ್ಲ.

ಆದರೆ ಮೈ ಇಲ್ಲ ಎನ್ನಲು ಬರುವುದಿಲ್ಲ. ಕಬಡ್ಡಿಯ ಕಾರ್ನರ್‌ನವನಿಗೆ ಟ್ಯಾಕಲ್ ಕಲಿಸಬೇಕಾಗಿಲ್ಲ. ಓಡಿ ಬರುವವನ ಪಾದದ ಮೇಲೆ ಕಣ್ಣಿಡುವುದು, ತಲೆಯನ್ನು ಸರಿಯಾದ ಬದಿಗೆ ಇಡುವುದು ಅವನಿಗೆ ರಕ್ತದಲ್ಲಿದೆ. ಮಣ್ಣಗುಡ್ಡೆಯ ಮಂಗಳಾ ಕ್ರೀಡಾಂಗಣ ನಮಗೆ ನಡೆದು ಹೋಗುವ ದೂರ. ಏಷ್ಯನ್ ಗೇಮ್ಸ್ ರಿಲೇಯಲ್ಲಿ 2014 ಮತ್ತು 2018ರಲ್ಲಿ ಚಿನ್ನ ಗೆದ್ದ ಎಂ.ಆರ್. ಪೂವಮ್ಮ ಬೆಳೆದದ್ದು ಈ ಊರಿನಲ್ಲೇ. ಸೆವೆನ್ಸ್ ವಿಂಗರ್‌ಗೆ ಬೇಕಾದದ್ದು 100 ಮೀಟರಿನವರ ಒಂದು ಸಿಡಿತಕ್ಕಿಂತ 400 ಮೀಟರಿನವರ ಹಾಗೆ ಸುಸ್ತಾದ ಮೇಲೂ ಓಡುವ ಕಾಲು. ಮರಳಿನಲ್ಲಿ ಬೀಳಲು ಕಲಿಸಬೇಕಾದರೆ ಸುಲ್ತಾನ್ ಬತ್ತೇರಿಯಲ್ಲಿ ದೋಣಿ ಹತ್ತಿ ತಣ್ಣೀರುಬಾವಿಗೆ ಹೋದರಾಯಿತು.

ಆದ್ದರಿಂದ ಯಾರಾದರೂ ಕೋಚ್ ಬಂದು ನಿಮ್ಮ ಟೇಬಲ್ ಮೇಲೆ ಮಲಗುವವರಲ್ಲಿ ಒಬ್ಬ ವಿಂಗರ್‌ನನ್ನು ತೋರಿಸಿ ಎಂದರೆ ಅತಿ ವೇಗದವನನ್ನು ತೋರಿಸಲಾರೆ. ಹದಿನೇಳು ಹದಿನೆಂಟರ ಒಳಗಿನವನನ್ನು ನೋಡುತ್ತೇನೆ, ಚೆಂಡು ಹಿಡಿಯುವ ಕೈ ಉಂಟೋ ಎಂದು ನೋಡುತ್ತೇನೆ. 100 ಮೀಟರ್ ಎಷ್ಟು ಸೆಕೆಂಡು ಎಂಬುದನ್ನು ಕೊನೆಗೆ ಕೇಳುತ್ತೇನೆ. ಮೊದಲು ಕೇಳುವುದು, ಕಳೆದ ಸೀಸನ್‌ನಲ್ಲಿ ಎಷ್ಟು ವಾರ ಆಡದೆ ಮನೆಯಲ್ಲಿ ಕೂತಿದ್ದಿ ಎಂದು.